ನೀನೇ ಎತ್ತುತ್ತಿದ್ದೀಯಲ್ಲ, ನಾನ್ಯಾಕೆ?

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯ್ತು. ಪುಣ್ಯಕ್ಕೆ ಮಾತು ಉಳೀತು. ದಿನಾ ಬೆಳಿಗ್ಗೆ ಫಿಸಿಯೋಥೆರಪಿ ಹುಡುಗ ಬಂದು ಆ ಕೈ ಎತ್ತಿ, ಇಳಿಸಿ, ಮುಚ್ಚಿದ ಬೆರಳು ಬಿಡಿಸಿ ಹೋಗ್ತಾನೆ. ಅಷ್ಟೂ ಹೊತ್ತು ದೊಡ್ಡಪ್ಪ ಟೀವಿ ನೋಡ್ತಿರ್ತಾರೆ, ಕೈ ಇನ್ಯಾರದ್ದೋ ಅನ್ನೋ ಹಾಗೆ. ಒಂದಿನ ಹುಡುಗ "ಅಂಕಲ್, ನಾನು ಎತ್ತುವಾಗ ನೀವೂ ಎತ್ತಬೇಕು ಅಂತ ಮನಸ್ಸು ಮಾಡಿ" ಅಂದ. "ನೀನೇ ಎತ್ತುತ್ತಿದ್ದೀಯಲ್ಲ ಮಾರಾಯ, ನಾನ್ಯಾಕೆ?" ಅಂದ್ರು ದೊಡ್ಡಪ್ಪ.

ಎಲ್ಲರೂ ನಕ್ಕೆವು. ಆಮೇಲೆ ಈ ಚಿಕಿತ್ಸೆಯ ಇತಿಹಾಸ ಹುಡುಕಿ ಓದ್ತಾ ಹೋದಾಗ ಗೊತ್ತಾಯ್ತು, ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ ಅಂತ.

ಮೊದಲು ಬಂದಿದ್ದು ಕೈ ಆಡಿಸುವ ಯಂತ್ರ. ಅಮೆರಿಕದ ಎಂಐಟಿಯಲ್ಲಿ ನೆವಿಲ್ ಹೋಗನ್, ಹರ್ಮಾನೋ ಕ್ರೆಬ್ಸ್ ತಂಡದವರು 'ಎಂಐಟಿ-ಮೇನಸ್' ಅನ್ನೋ ರೋಬೋ ಕಟ್ಟಿದರು. 1994ರಲ್ಲಿ ನ್ಯೂಯಾರ್ಕ್ ಹತ್ತಿರದ ಬರ್ಕ್ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯ್ತು. ರೋಗಿ ಅದರ ಹಿಡಿ ಹಿಡಿದು, ಪರದೆ ಮೇಲಿನ ಗುರಿ ಕಡೆಗೆ ಕೈ ಸರಿಸಬೇಕು. ತಾನೇ ಸರಿಸಿದರೆ ಯಂತ್ರ ದಾರಿ ಬಿಡುತ್ತೆ, ಸಾಧ್ಯವಾಗದಿದ್ದರೆ ಮೆಲ್ಲಗೆ ತಳ್ಳಿಕೊಡುತ್ತೆ. ಬೇಸರವಿಲ್ಲ, ಸುಸ್ತಿಲ್ಲ, ಸಾವಿರ ಸಲ ಮಾಡಿಸು ಅಂದರೂ ಮಾಡಿಸುತ್ತೆ.

ಇನ್ನೇನು ಬೇಕು ಅನ್ಸುತ್ತೆ ಅಲ್ವಾ? ಆದರೆ 2010ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 127 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಅಷ್ಟೇ ಹೊತ್ತು ಮನುಷ್ಯರೇ ಮಾಡಿಸಿದ ವ್ಯಾಯಾಮಕ್ಕಿಂತ ರೋಬೋ ಹೆಚ್ಚೇನೂ ಸಾಧಿಸಲಿಲ್ಲ. 2019ರಲ್ಲಿ ಬ್ರಿಟನ್ನಿನಲ್ಲಿ 770 ಜನರ ಪರೀಕ್ಷೆಯ ಫಲಿತಾಂಶ ಇನ್ನೂ ನಿರಾಸೆಯದು. ಮಾಮೂಲಿ ಚಿಕಿತ್ಸೆಗಿಂತ ಕೈ ಕೆಲಸದಲ್ಲಿ ಸುಧಾರಣೆ ಕಾಣಲಿಲ್ಲ. ಕೈ ಆಡಿಸೋದೊಂದೇ ಸಾಲದು ಅಂತಾಯ್ತು.

ಇನ್ನೊಂದು ಕಡೆ ಮನಸ್ಸು ಓದುವವರಿದ್ದರು. ಜರ್ಮನಿಯ ಹಾನ್ಸ್ ಬರ್ಗರ್ ಕುದುರೆಯಿಂದ ಬಿದ್ದ ದಿನವೇ ದೂರದ ಊರಲ್ಲಿದ್ದ ಅಕ್ಕನಿಗೆ ಏನೋ ಕೆಟ್ಟದ್ದಾಗಿದೆ ಅನ್ನಿಸಿತಂತೆ. ಮನಸ್ಸಿಂದ ಮನಸ್ಸಿಗೆ ಅದೇನು ಹರಿಯುತ್ತೆ ಅಂತ ಹುಡುಕುತ್ತಾ ಹೋದ ಪುಣ್ಯಾತ್ಮ, 1924ರಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನ ದಾಖಲಿಸಿದ. ಇಇಜಿ ಹುಟ್ಟಿದ್ದು ಹೀಗೆ :-) ಆ ಅಲೆಗಳಿಂದ ಕಂಪ್ಯೂಟರ್ ನಡೆಸಬಹುದು ಅಂತ 1973ರಲ್ಲಿ ಲಾಸ್ ಏಂಜಲೀಸ್‌ನ ಜಾಕ್ ವಿಡಾಲ್ ಬರೆದರು.

ಕೈ ಆಡಿಸಬೇಕು ಅಂತ ಅಂದ್ಕೊಂಡ ಕೂಡಲೇ ಮೆದುಳಿನ ಒಂದು ಜಾಗದ ಅಲೆ ತಗ್ಗುತ್ತೆ. ಕೈ ನಿಜವಾಗಿ ಆಡಬೇಕು ಅಂತೇನಿಲ್ಲ! ಇದನ್ನೇ ಹಿಡಿದು 2008ರಲ್ಲಿ ಎಂಟು ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಆರು ಜನ ಬರೀ ಯೋಚನೆಯಿಂದ ಕೈಗೆ ಕಟ್ಟಿದ ಯಂತ್ರ ಆಡಿಸೋದು ಕಲಿತರು. ಯಂತ್ರ ಬಿಚ್ಚಿದರೆ ಮಾತ್ರ ಕೈ ಮೊದಲಿನ ಹಾಗೇ.

ನನಗೆ ಬಹಳ ಹಿಡಿಸಿದ್ದು 2013ರಲ್ಲಿ ಪ್ರಕಟವಾದ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನೀಲ್ಸ್ ಬಿರ್ಬೌಮರ್ ತಂಡ ಮಾಡಿದ ಪ್ರಯೋಗ. ಬೆರಳು ಬಿಡಿಸಲಾಗದ 32 ರೋಗಿಗಳನ್ನ ಎರಡು ಗುಂಪು ಮಾಡಿದರು. ಎಲ್ಲರ ತಲೆಗೂ ಇಇಜಿ, ಕೈಗೆ ಅದೇ ಯಂತ್ರ, ಆಮೇಲೆ ಅದೇ ಫಿಸಿಯೋಥೆರಪಿ. ವ್ಯತ್ಯಾಸ ಒಂದೇ: ಒಂದು ಗುಂಪಿನವರು ಮನಸ್ಸು ಮಾಡಿದ ಕ್ಷಣಕ್ಕೆ ಯಂತ್ರ ಕೈ ಆಡಿಸುತ್ತಿತ್ತು, ಇನ್ನೊಂದು ಗುಂಪಿನವರಿಗೆ ಯಾವಾಗಂದ್ರೆ ಆವಾಗ. ಸುಧಾರಣೆ ಹೆಚ್ಚು ಕಂಡಿದ್ದು ಮೊದಲ ಗುಂಪಿನಲ್ಲೇ. ಕೈಯ ಅಳತೆಯಲ್ಲಿ ಮೂರು ಚಿಲ್ಲರೆ ಅಂಕ, ಪವಾಡವೇನಲ್ಲ. ಆದರೆ ವರ್ಷಗಳಿಂದ ಮುಷ್ಟಿ ಬಿಚ್ಚದವರಿಗೆ ಅದು ಚಿಕ್ಕದೂ ಅಲ್ಲ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಇಂಥ ಒಂದು ಉಪಕರಣಕ್ಕೆ ಅನುಮತಿ ಕೊಟ್ಟಿತು. ಹೆಸರು ಇಪ್ಸಿಹ್ಯಾಂಡ್. ಇದು ಪೆಟ್ಟುಬಿದ್ದ ಭಾಗ ಬಿಟ್ಟು, ಮೆದುಳಿನ ಆರೋಗ್ಯವಾಗಿರುವ ಅರ್ಧದಿಂದ 'ಆಡಿಸಬೇಕು' ಅನ್ನೋ ಸಂಕೇತ ಹಿಡಿಯುತ್ತೆ.

ನಮ್ಮ ಮನೆಗೆ ಅದೆಲ್ಲಿಂದ ಬರಬೇಕು. ಹುಡುಗ ಬರೋ ಹೊತ್ತಿಗೆ ಟೀವಿ ಆರಿಸೋ ಕೆಲಸ ಈಗ ನಂದು. ದೊಡ್ಡಪ್ಪನಿಗೆ ಭಾರೀ ಸಿಟ್ಟು.