ಏನ್ ಸಮಾಚಾರ?

ಬೆಳಿಗ್ಗೆ ಹನ್ನೊಂದು ದಾಟುತ್ತಿದ್ದಂತೆ ಫೋನು ಒಮ್ಮೆ ಗುರ್ ಅನ್ನುತ್ತದೆ. ಮಾಲೂರಿನಲ್ಲಿ ಒಟ್ಟಿಗೆ ಹೈಸ್ಕೂಲು ಓದಿದವರ ವಾಟ್ಸಾಪ್ ಗುಂಪು. ಯಾರೋ ಒಬ್ಬರು ಹಾಕಿರುತ್ತಾರೆ: 'ಏನ್ ಸಮಾಚಾರ?' ನಿಮಿಷದೊಳಗೆ ಉತ್ತರ: 'ಏನಿಲ್ಲ.' ಏನೂ ಇಲ್ಲವೆಂದ ಮೇಲೆ ಮಾತು ಅಲ್ಲಿಗೆ ಮುಗಿಯಬೇಕು ತಾನೆ? ಊಟದ ಹೊತ್ತಿಗೆ ಅರವತ್ತು ಮೆಸೇಜು ಬಂದಿರುತ್ತವೆ. ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೂತವನು ಇವತ್ತೂ ರೈಲಿನ ಬಾಗಿಲಲ್ಲೇ ನಿಂತು ಬಂದದ್ದು, ನರಸಾಪುರದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿದವನಿಗೆ ಪಕ್ಕದ ಮನೆಯ ಮಿಕ್ಸಿ ನಿದ್ದೆ ಕೊಡದ್ದು, ಟೇಕಲ್ ಕಡೆಯವಳ ಹಸು ಕರು ಹಾಕಿದ್ದು, ಯಾರದೋ ಡಬ್ಬಿಯಲ್ಲಿ ಮೂರನೇ ದಿನವೂ ಚಿತ್ರಾನ್ನ. ಒಂದಾದರೂ ಪೇಪರಿನಲ್ಲಿ ಅಚ್ಚಾಗುವಂಥದ್ದಲ್ಲ.

ಆದರೂ ಇದಕ್ಕೆ ಸಮಾಚಾರ ಎಂದೇ ಹೆಸರು. ಬೇರೆ ಪದಗಳಿಲ್ಲವೆಂದಲ್ಲ. ವಾರ್ತೆಯನ್ನು ರೇಡಿಯೋಗೆ ಬಿಟ್ಟುಕೊಟ್ಟಿದ್ದೇವೆ; 'ಏನ್ ವಾರ್ತೆ?' ಎನ್ನುತ್ತ ಹೆಗಲ ಮೇಲೆ ಕೈ ಹಾಕಿದ ಗೆಳೆಯನನ್ನು ನಾನಂತೂ ಕಂಡಿಲ್ಲ. ಸುದ್ದಿಗೆ ಸ್ವಲ್ಪ ಖಾರ ಜಾಸ್ತಿ, 'ಅವನ ಸುದ್ದಿಗೆ ಹೋಗ್ಬೇಡ' ಎಂದರೆ ಜಗಳದ ವಾಸನೆ. 'ಏನ್ ವಿಚಾರ?' ಎಂಬುದು ಕಚೇರಿ ಕಿಟಕಿಯ ಪ್ರಶ್ನೆ, ಕೆಲಸವಿಲ್ಲದೆ ಇವನು ಬಂದಿರಲಾರ ಎಂಬ ಗುಮಾನಿ ಅದರಲ್ಲಿದೆ. 'ಏನ್ ಸಮಾಚಾರ?' ಮಾತ್ರ ಕೆಲಸವಿಲ್ಲದೆ ಬಂದವರ ಪ್ರಶ್ನೆ.

ಮೂಲ ಹುಡುಕಿದರೆ ಸಂಸ್ಕೃತದ 'ಚರ', ಅಂದರೆ ನಡೆ. ಆಚಾರ, ವಿಚಾರ, ಸಂಚಾರ, ಉಪಚಾರ, ಅಪಚಾರ ಎಲ್ಲ ಅದೇ ಮನೆಯ ದಾಯಾದಿಗಳು. ಸಮಾಚಾರಕ್ಕೆ ಸಂಸ್ಕೃತ ಕೋಶಗಳಲ್ಲಿ ಸುದ್ದಿ ಎಂಬ ಅರ್ಥವೂ ಉಂಟು, ನಡವಳಿಕೆ, ರೂಢಿ ಎಂಬ ಅರ್ಥವೂ ಉಂಟು. ಕನ್ನಡಕ್ಕೆ ಬರುವಾಗ ಈ ಎರಡನೆಯದು ದಾರಿಯಲ್ಲೇ ಬಿದ್ದುಹೋಯಿತೆಂದು ತಿಳಿದಿದ್ದೆ. ಒಂದು ದಿನ ಟೀ ಅಂಗಡಿಯಲ್ಲಿ ಯಾರೋ ಯಾರಿಗೋ 'ನಿನ್ ಸಮಾಚಾರ ಎಲ್ಲಾ ನಂಗೊತ್ತು, ಸುಮ್ಕಿರು' ಎಂದು ಗದರಿದಾಗ ಕಿವಿ ನೆಟ್ಟಗಾಯಿತು. ಅಲ್ಲಿರುವುದು ಸುದ್ದಿಯಲ್ಲ, ಸಾಕ್ಷಾತ್ ನಡತೆ! 'ಅವರಿಬ್ಬರ ಮಧ್ಯೆ ಏನೋ ಸಮಾಚಾರ ಐತೆ' ಎಂದು ದನಿ ತಗ್ಗಿಸುವಾಗಲೂ ಅಷ್ಟೆ. 'ದುಡ್ಡಿನ ಸಮಾಚಾರ ಏನಾಯ್ತು?' ಎಂದರೆ ಸಾಲ. 'ಸಮಾಚಾರ ಗೊತ್ತಾಯ್ತಾ?' ಎಂದು ಮೆಲ್ಲಗೆ ಕೇಳಿದರೆ ಕೂತುಕೊಳ್ಳುವುದು ಒಳ್ಳೆಯದು, ಯಾರೋ ಹೋಗಿದ್ದಾರೆ.

ಈ ಪದ ಮುದ್ರಣಕ್ಕೆ ಬಂದದ್ದೂ ಒಂದು ಸಮಾಚಾರವೇ. ಕನ್ನಡದ ಮೊದಲ ಪತ್ರಿಕೆ 1843ರ ಜುಲೈ 1ರಂದು ಹೊರಟಿತು, ಹೆಸರು 'ಮಂಗಳೂರ ಸಮಾಚಾರ'. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ತೆಗೆದರು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುವುದು. ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅದೇ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಮುಂದೆ ನಮ್ಮ ಮಾಲೂರಿನ ಮಣ್ಣೂ ಹೆಂಚಾಗಿ, ಇಟ್ಟಿಗೆಯಾಗಿ ಲಾರಿ ಹತ್ತಿತು, ಊರಿಗೆ ಅದೇ ಹೆಸರಾಯಿತು. ಕಡಲತಡಿಯಿಂದ ಹೊರಟ ಎರಡು ಸಾಮಾನುಗಳಲ್ಲಿ ಹೆಂಚಿಗೆ ಈಗ ಆರ್.ಸಿ.ಸಿ. ಕುತ್ತು ತಂದಿದೆ. ಸಮಾಚಾರ ಇನ್ನೂ ಸೋರದೆ ನಿಂತಿದೆ.

ನಮ್ಮ ಕಡೆ ಅದಕ್ಕೆ ಇನ್ನೊಂದು ಬಲವಿದೆ. ಕೋಲಾರ ಸೀಮೆಯಲ್ಲಿ ಒಂದು ಮಾತು ಮೂರು ಭಾಷೆ ದಾಟಿದರೇ ಬದುಕುವುದು. ಗುಂಪಿನಲ್ಲಿ ಒಬ್ಬ 'ಏಮ್ರಾ ಸಮಾಚಾರಂ' ಎನ್ನುತ್ತಾನೆ, ಕೆಜಿಎಫ್ ಹುಡುಗ 'ಎನ್ನಾ ಸಮಾಚಾರಂ' ಎನ್ನುತ್ತಾನೆ, ಉತ್ತರ ಮಾತ್ರ ಕನ್ನಡದಲ್ಲಿ ಬೀಳುತ್ತದೆ, ಯಾರೂ ಭಾಷೆ ಬದಲಾಯಿತೆಂದು ಗಮನಿಸುವುದಿಲ್ಲ. ಆದರೆ ಪದ ಒಂದೇ ಆದರೂ ತೂಕ ಬೇರೆ. ತಮಿಳರ ಬಾಯಲ್ಲಿ ಅದು ಹೆಚ್ಚಾಗಿ 'ಸಂಗತಿ', 'ವ್ಯವಹಾರ'. ತೆಲುಗಿನಲ್ಲಿ ಸರ್ಕಾರವೇ ಅದಕ್ಕೆ ಅಂಗಿ ತೊಡಿಸಿ ಕೂರಿಸಿದೆ: 2005ರಲ್ಲಿ ಬಂದ ಕಾಯ್ದೆ ನಮಗೆ ಮಾಹಿತಿ ಹಕ್ಕು, ಗಡಿಯಾಚೆ 'ಸಮಾಚಾರ ಹಕ್ಕು'.

ನಮ್ಮಲ್ಲೊಬ್ಬ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವವನು. ಅವನಿಗೆ ಸಮಾಚಾರವೆಂದರೆ ಬಾಕ್ಸಿನ ರೇಟು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದಾಗ ಗುಂಪಿನಲ್ಲಿ ಅವನ ಉಸಿರೇ ಇಲ್ಲ. ಕೇಳಿದವರಿಗೆಲ್ಲ 'ಏನಿಲ್ಲಪ್ಪ, ಹಂಗೇ' ಎಂಬ ಒಂದೇ ಉತ್ತರ, ಕಣ್ಣು ಬೀಳುತ್ತದಲ್ಲ. ರೇಟು ಬಿದ್ದು ಹಣ್ಣು ರಸ್ತೆಬದಿಗೆ ಸುರಿಯುವ ದಿನಗಳಲ್ಲಿ ಮಾತ್ರ ಗಂಟೆಗೊಂದು ವಾಯ್ಸ್ ಮೆಸೇಜು, ಹಿಂದೆ ಟ್ರ್ಯಾಕ್ಟರ್ ಸದ್ದು.

ಕಾಗದದ ಕಾಲದಲ್ಲಿ ಈ ಪದ ಒಂಟಿಯಾಗಿ ಓಡಾಡುತ್ತಿರಲಿಲ್ಲ, ಮುಂದೆ ಕ್ಷೇಮ ಇರುತ್ತಿತ್ತು. ನಮ್ಮಜ್ಜಿ ಹೇಳಿ ನಾನು ಬರೆಯುತ್ತಿದ್ದ ಇನ್‌ಲ್ಯಾಂಡ್ ಲೆಟರಿನಲ್ಲಿ ಮೊದಲ ಸಾಲು ಕಾಯಂ: ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯುವುದು. ಆಮೇಲೆ ಮಳೆ, ರಾಗಿ, ಯಾರ ಮನೆ ಮದುವೆ. ಹೇಳಬೇಕಾದ ಒಂದೇ ಒಂದು ನಿಜವಾದ ಸಮಾಚಾರ ಕಡೆಗೆ, ಅಂಟು ಹಚ್ಚುವ ಮಡಿಕೆಯ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ ಮಾಸ್ತಿಯವರ ಕತೆಗಳನ್ನು ಓದುವಾಗ ನನಗೆ ಆ ಕಾಗದಗಳು ನೆನಪಾಗುತ್ತವೆ. ಅವಸರವೇ ಇಲ್ಲ, ಬಂದವರನ್ನು ಕೂರಿಸಿ, ಅದೂ ಇದೂ ಮಾತಾಡಿ, ಆಮೇಲೆ ವಿಷಯ.

ವಾಟ್ಸಾಪಿನಲ್ಲಿ ಕ್ಷೇಮ ಉದುರಿಹೋಗಿದೆ. ಒಬ್ಬನಂತೂ ಸಮಾಚಾರವನ್ನೂ ಪೂರ್ತಿ ಬರೆಯುವುದಿಲ್ಲ, ಪ್ರಶ್ನೆ ಚಿಹ್ನೆಯೊಂದನ್ನು ಒತ್ತಿ ಬಿಟ್ಟಿರುತ್ತಾನೆ. ಉತ್ತರ ಆಗಲೂ 'ಏನಿಲ್ಲ'. ನಮ್ಮ ಹೊಸ ಸೊಸೆಯರಲ್ಲಿ ಒಬ್ಬಳು, ಬೆಂಗಳೂರಿನಲ್ಲಿ ಬೆಳೆದವಳು, 'ಏನೂ ಇಲ್ಲ ಅಂತ ದಿನಾ ಯಾಕೆ ಹೇಳ್ಕೋಬೇಕು ದೊಡ್ಡಪ್ಪ?' ಎಂದು ನನ್ನನ್ನೇ ಕೇಳಿದ್ದಳು. ಗಂಟಲಿಗೆ ಬಂದ ಉತ್ತರವನ್ನು ಹೇಳಲಿಲ್ಲ. ಏನೋ ಇರುವ ದಿನ ಹೆಚ್ಚಿನವರು 'ಏನಿಲ್ಲ' ಎನ್ನುವುದಿಲ್ಲ, ಅವತ್ತು ಸುಮ್ಮನಾಗಿಬಿಡುತ್ತಾರೆ. ದಿನಾ ಕೇಳುವುದು ಆ ಸುಮ್ಮನಿರುವಿಕೆಯನ್ನು ಹಿಡಿಯುವುದಕ್ಕೆ.

ಹಿಡಿಯುವ ಜವಾಬ್ದಾರಿಯನ್ನು ತನ್ನ ಮೇಲೆ ಹಾಕಿಕೊಂಡಿರುವವನು ಗಡಿಯಾಚೆ ಕುಪ್ಪಂನಲ್ಲಿ ಅಂಗಡಿ ಇಟ್ಟಿರುವ ನಮ್ಮ ಗೆಳೆಯ. ಯಾರಾದರೂ ಎರಡು ದಿನ ಗುಂಪಿನಲ್ಲಿ ಕಾಣದಿದ್ದರೆ ಅವನ ಅರ್ಜಿ ಬರುತ್ತದೆ: 'ಸಮಾಚಾರ ಹಕ್ಕು ಕಾಯ್ದೆ ಪ್ರಕಾರ ಕೇಳ್ತಾ ಇದೀನಿ. ಮೂವತ್ತು ದಿನದೊಳಗೆ ಉತ್ತರ ಕೊಡತಕ್ಕದ್ದು.' ಹೋದ ತಿಂಗಳು ನನ್ನ ಸರದಿ. ಜ್ವರ, ಫೋನು ಮುಟ್ಟಿರಲಿಲ್ಲ. ನಾಲ್ಕನೇ ದಿನ ತೆಗೆದು ನೋಡಿದರೆ ಅರ್ಜಿ ಕೂತಿದೆ, ಜೊತೆಗೆ ಫೋನ್‌ಪೇಯಲ್ಲಿ ಅರ್ಜಿ ಶುಲ್ಕ 10 ರೂಪಾಯಿ. 'ಏನಿಲ್ಲ, ಜ್ವರ' ಎಂದು ಬರೆದೆ. ಶುಲ್ಕ ವಾಪಸ್ ಕೊಡುವ ಪದ್ಧತಿ ಆ ಕಾಯ್ದೆಯಲ್ಲಿ ಇಲ್ಲವಂತೆ, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದೆ.