ಪೊಗದಿಯ ಹಣ ಹೋದ ದಾರಿ

ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ 1891ರ ಜನಗಣತಿಯ ಅಂಕಿಗಳಿವೆ. ಬೆಂಗಳೂರು ನಗರದಲ್ಲಿ 80,285 ಜನ, ಬ್ರಿಟಿಷರ ಸೈನ್ಯ ನೆಲೆಸಿದ್ದ ದಂಡಿನಲ್ಲಿ 1,00,081. ಕೆಂಪೇಗೌಡರ ಕಾಲದ ಪೇಟೆಯನ್ನು 1809ರಲ್ಲಿ ಬಂದಿಳಿದ ದಂಡು ಇಷ್ಟು ಬೇಗ ಹಿಂದಿಕ್ಕಿದ್ದು ಯಾರ ದುಡ್ಡಿನಿಂದ? ಹುಡುಕಾಟ ಶುರುವಾದದ್ದು ಈ ಪ್ರಶ್ನೆಯಿಂದ.

ದಾರಿ ಹಿಂದಕ್ಕೆ, 1799ರ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಕರೆದೊಯ್ಯುತ್ತದೆ. ಟಿಪ್ಪು ಬಿದ್ದ ಮೇಲೆ ಐದು ವರ್ಷದ ಬಾಲಕನನ್ನು ಪಟ್ಟಕ್ಕೆ ಕೂರಿಸಿದ ಈಸ್ಟ್ ಇಂಡಿಯಾ ಕಂಪನಿ, ಮೈಸೂರಿನ ರಕ್ಷಣೆಗೆ ತಾನು ಇಡುವ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ನಾಣ್ಯಗಳ ಪೊಗದಿ, ಅಂದರೆ ಕಪ್ಪ, ಗೊತ್ತುಮಾಡಿತು. ರೂಪಾಯಿಯಲ್ಲಿ ಅದು 24.5 ಲಕ್ಷ. ಕಂತು ತಿಂಗಳು ತಿಂಗಳಿಗೆ. ಯುದ್ಧ ಬಂದರೆ ಮೇಲೆ ಇನ್ನಷ್ಟು. ಹಣ ಬರುವುದು ಅನುಮಾನವೆನಿಸಿದರೆ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದು ಎಂಬ ಕಲಮೂ ಇತ್ತು. ನಗರ ಸೀಮೆಯ ರೈತರ ದಂಗೆಯ ಬೆನ್ನಲ್ಲೇ, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ವಹಿಸಿಕೊಳ್ಳಲು ಕೈಗೆತ್ತಿಕೊಂಡದ್ದು ಅದೇ ಕಲಮನ್ನು. ಇಡೀ ಒಪ್ಪಂದದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದು: ಮಳೆ ಬರಲಿ ಬಿಡಲಿ, ಪೊಗದಿಯ ಮೊತ್ತ ಕದಲದು.

ಕೊಟ್ಟ ಹಣವೆಲ್ಲ ದಂಡಿನಲ್ಲೇ ಖರ್ಚಾಯಿತೆಂದು ನಾನು ಹೇಳುತ್ತಿಲ್ಲ. ಅದು ಸೇರಿದ್ದು ಕಂಪನಿಯ ಬೊಕ್ಕಸ. ಆದರೆ ಸಿಪಾಯಿಯ ಸಂಬಳ ಬೀಳುವ ಕಡೆ ಪೇಟೆ ಎದ್ದೇಳುತ್ತದೆ. ದಂಡಿನ ಬೆನ್ನಿಗೆ ತಮಿಳು ಸೀಮೆಯಿಂದ ವ್ಯಾಪಾರಿಗಳು, ಗುತ್ತಿಗೆದಾರರು, ಕೂಲಿಗಳು ಬಂದು ನೆಲೆಸಿದರು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ರೈಲೂ ಮೊದಲು ನಿಂತದ್ದು ದಂಡಿನಲ್ಲಿ, ಪೇಟೆಯಲ್ಲಲ್ಲ.

ಹಳ್ಳಿಗಳ ಕಡೆಗೆ ತಿರುಗಿದರೆ ಲೆಕ್ಕ ಬೇರೆಯದೇ. 1876–78ರ ಬರದಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ಖಜಾನೆಯ ಉಳಿಕೆ ಕರಗಿ 80 ಲಕ್ಷ ರೂಪಾಯಿ ಸಾಲ ನಿಂತಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಆಂಗ್ಲರು ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬರದ ಪೆಟ್ಟು ನೋಡಿ ಏರಿಕೆಯ ಜಾರಿಯನ್ನು ಮುಂದೂಡಿದರು, 1896ರ ಹೊತ್ತಿಗೆ ಪೂರ್ತಿ ವಸೂಲಿಗೆ ಇಳಿದರು. ರಂಗಾಚಾರ್ಲು ದಿವಾನರಾದಾಗ ಸಂಸ್ಥಾನದ ವರಮಾನ ಸುಮಾರು ಒಂದು ಕೋಟಿ. ಹಳೆಯ ದರದಲ್ಲೇ ನಾಲ್ಕರಲ್ಲೊಂದು ಪಾಲು ಪೊಗದಿಗೆ ಹೋಗುತ್ತಿತ್ತು! ಕೆರೆಯ ತೂಬು, ಶಾಲೆ, ರಸ್ತೆ ಎಲ್ಲಕ್ಕೂ ಉಳಿದದ್ದು ಮಿಕ್ಕ ಹಣ. ಏರಿಸಿದ 10.5 ಲಕ್ಷವನ್ನು ಬಿಟ್ಟುಕೊಡುವ ಘೋಷಣೆಗೆ 1927ರವರೆಗೆ ಕಾಯಬೇಕಾಯಿತು.

1940ರಲ್ಲಿ ಚಿತ್ರ ಬದಲಾಗುತ್ತದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆಗೆ ಮೈಸೂರು ಸರ್ಕಾರ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. ಅದೂ ಯುದ್ಧದ ಖರ್ಚೇ. ಆದರೆ ಈ ಸಲ ಹಣ ಯಂತ್ರವಾಗಿ, ಕೈಕಸುಬಾಗಿ ಇಲ್ಲಿಯೇ ಉಳಿಯಿತು. ಆ ಕಾರ್ಖಾನೆಯಿಂದಲೇ ಬೆಳೆದ ಎಚ್‌ಎಎಲ್ ಇವತ್ತಿಗೂ ಬೆಂಗಳೂರಿನಲ್ಲಿದೆ. ಸೈನ್ಯದ ವೆಚ್ಚ ಊರನ್ನು ಬೆಳೆಸುತ್ತದೆ ಎನ್ನುವವರು ತೆರಿಗೆ ಎದ್ದ ಊರು ಯಾವುದು, ಸಂಬಳ ಬಿದ್ದ ಊರು ಯಾವುದು ಎಂಬುದನ್ನೂ ಹೇಳಬೇಕು.

ಪೊಗದಿಯ ಕಾಲದ ತಾಲ್ಲೂಕುವಾರು ಕಂದಾಯದ ಲೆಕ್ಕವನ್ನು ದಂಡಿನ ಖರ್ಚಿನ ಪಕ್ಕದಲ್ಲಿಟ್ಟು ಓದುವ ಕೆಲಸ ಬಾಕಿಯಿದೆ. ಇತಿಹಾಸ, ಅರ್ಥಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ಅದನ್ನು ಕೈಗೆತ್ತಿಕೊಳ್ಳಲಿ.