ನಲವತ್ತೊಂಬತ್ತರ ಆಚೆಯ ದಣಿವು: ಋತುಬಂಧ, ಹಾರ್ಮೋನ್ ಚಿಕಿತ್ಸೆ ಮತ್ತು ಹುಪರಿಯ ಹೆಂಗಸರು

ಕೊಲ್ಹಾಪುರ ಜಿಲ್ಲೆಯ ಹುಪರಿಯಲ್ಲಿ ಬೆಳ್ಳಿ ಕೆಲಸ ಮನೆಗಳೊಳಗೂ ನಡೆಯುತ್ತದೆ. ಕಾಲ್ಗೆಜ್ಜೆಯ ಕೊಂಡಿ ಕೂಡಿಸುವ ಹೆಂಗಸು ಮುಟ್ಟು ನಿಲ್ಲುವ ಹೊತ್ತಿಗೆ ‘ಸುಸ್ತು’ ಎಂದರೆ ಎಲ್ಲರೂ ವಯಸ್ಸಿನ ಮೇಲೆ ಹಾಕುತ್ತಾರೆ. ಸರ್ಕಾರಿ ಲೆಕ್ಕವೂ ಆಕೆಯ ಕೈಬಿಡುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) 15ರಿಂದ 49ರ ವಯಸ್ಸಿನ ಶೇ. 57 ಹೆಂಗಸರಲ್ಲಿ ರಕ್ತಹೀನತೆ ಕಂಡಿತು. ಐವತ್ತು ತುಂಬಿದವಳ ಹಿಮೋಗ್ಲೋಬಿನನ್ನು ಅದು ಅಳೆಯಲೇ ಇಲ್ಲ. ಭಾರತದಲ್ಲಿ ಋತುಬಂಧದ ಸರಾಸರಿ ವಯಸ್ಸು 46–47, ಅಂದರೆ ಮುಟ್ಟು ನಿಂತ ಕೆಲವೇ ವರ್ಷಗಳಲ್ಲಿ ಆಕೆ ಆ ಲೆಕ್ಕದಿಂದ ಹೊರಗೆ.

ಆದ್ದರಿಂದ ಹಾರ್ಮೋನಿಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ನಿದ್ದೆ ಇವುಗಳ ತಪಾಸಣೆ ಆಗಲೇಬೇಕು. ಇವೆಲ್ಲ ಸರಿಯಿದ್ದೂ ಆರು ತಿಂಗಳು ಬಿಡದ, ತುಸು ದುಡಿದರೂ ಮರುದಿನ ಹಾಸಿಗೆ ಹಿಡಿಸುವ ದಣಿವು ಬೇರೆಯೇ ಕಾಯಿಲೆ (ದೀರ್ಘಕಾಲದ ದಣಿವಿನ ಕಾಯಿಲೆ). ಅಮೆರಿಕದ ಜಾರ್ಜಿಯಾದಲ್ಲಿ ಇಂಥ 84 ರೋಗಿಗಳನ್ನು 73 ಆರೋಗ್ಯವಂತರೊಡನೆ ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಅಕಾಲ ಋತುಬಂಧ ಆದವರೂ ಗರ್ಭಕೋಶ ತೆಗೆಸಿಕೊಂಡವರೂ ಹೆಚ್ಚು. ಯಾವುದು ಕಾರಣ, ಯಾವುದು ಫಲ ಎಂಬುದನ್ನು ಆ ಅಧ್ಯಯನ ಹೇಳಲಾರದು. ಆದರೂ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ಶಸ್ತ್ರಚಿಕಿತ್ಸೆಗಳು 2019ರಲ್ಲಿ ಸುದ್ದಿಯಾದ ಮಹಾರಾಷ್ಟ್ರದಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದೀರಾ ಎಂಬ ಪ್ರಶ್ನೆಯನ್ನು ಪ್ರತಿ ವೈದ್ಯರೂ ಕೇಳಬೇಕು.

ಹಾರ್ಮೋನಿನ ಭಯ ಹುಟ್ಟಿದ್ದು 2002ರಲ್ಲಿ.

ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಹೆಂಗಸರ ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟು ಸ್ತನ ಕ್ಯಾನ್ಸರ್, ಎಂಟು ಪಾರ್ಶ್ವವಾಯು ಹೆಚ್ಚು ಕಂಡವು. ಸೊಂಟದ ಮೂಳೆಮುರಿತ ಐದು ಕಡಿಮೆಯಾಯಿತು. ಅವರ ಸರಾಸರಿ ವಯಸ್ಸು 63 ಎಂಬುದನ್ನು ಬಹುಮಂದಿ ಮರೆತರು. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದರೆ ಲಾಭ–ಅಪಾಯದ ತೂಕ ಬೇರೆ. ಗರ್ಭಕೋಶ ಇದ್ದವಳಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ, ಒಳಪದರದ ಕ್ಯಾನ್ಸರಿನ ಅಪಾಯವಿದೆ.

ದಣಿವಿನ ರೋಗಿಗೆ ಇನ್ನೂ ಒಂದು ಲೆಕ್ಕವಿದೆ. ದಿನಗಟ್ಟಲೆ ಮಲಗಿಯೇ ಇರುವವಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಬಾಯಿಂದ ನುಂಗುವ ಈಸ್ಟ್ರೋಜನ್ ಅದನ್ನು ಇನ್ನಷ್ಟು ಏರಿಸುತ್ತದೆ. 2019ರ ಬ್ರಿಟಿಷ್ ಅಧ್ಯಯನದಲ್ಲಿ ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ಬಳಸಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಅಂಥವಳಿಗೆ ಮಾತ್ರೆಗಿಂತ ಪಟ್ಟಿಯೇ ಮೇಲು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಎರಡೂ ಬೇಡ.

ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಈ ದಣಿವಿನ ಕಾಯಿಲೆಯನ್ನು ಗುಣಪಡಿಸಲೆಂದು ಯಾವ ಔಷಧವನ್ನೂ ಕೊಡಬೇಡಿ ಎನ್ನುತ್ತದೆ. ರೋಗಲಕ್ಷಣಕ್ಕೆ ಮದ್ದು ಕೊಡುವಾಗ ಕಡಿಮೆ ಪ್ರಮಾಣದಿಂದ ಆರಂಭಿಸುವುದನ್ನು ಪರಿಗಣಿಸಿ ಎಂದೂ ಸೂಚಿಸುತ್ತದೆ. ಆದರೆ ಋತುಬಂಧದಲ್ಲಿ ಮೈ ಬಿಸಿಯೇರಿ ಬೆವರುವುದು, ಅದರಿಂದ ನಿದ್ದೆ ಕೆಡುವುದು ಹಾರ್ಮೋನಿಗೆ ಬಗ್ಗುತ್ತವೆ. ನಿದ್ದೆ ಬಂದರೆ ದಣಿವಿನ ಒಂದು ಪಾಲೂ ಇಳಿದೀತು. ವೈದ್ಯರು ಹುಪರಿಯ ಹೆಂಗಸಿಗೆ ಕೊಡಬಹುದಾದ ಭರವಸೆ ಇಷ್ಟು, ಅದನ್ನು ಆಕೆಗೆ ತಿಳಿಯುವ ಮಾತಿನಲ್ಲಿ, ಮರಾಠಿಯಾಗಲಿ ಕನ್ನಡವಾಗಲಿ, ಚೀಟಿ ಬರೆಯುವ ಮೊದಲೇ ಹೇಳಬೇಕು.